ಬ್ಯಾಟರಿ ಬದಲಿಸುವ ಮೊದಲು ಅರ್ತ್ ನೋಡಿ: ಕಾರಿನ ಟರ್ಮಿನಲ್, ಕಪ್ಪು ವೈರು, ಬೋಲ್ಟುಗಳ ದೋಷ ಹುಡುಕುವ ಬಗೆ

ಜುಲೈ ತಿಂಗಳ ಒಂದು ಬೆಳಿಗ್ಗೆ, ತೀರ್ಥಹಳ್ಳಿಯಲ್ಲಿ, ನನ್ನ ಹಳೆಯ ಪೆಟ್ರೋಲ್ ಕಾರು ಸೆಲ್ಫ್ ತೆಗೆದುಕೊಳ್ಳಲಿಲ್ಲ. ಹಿಂದಿನ ರಾತ್ರಿಯಿಡೀ ಮಳೆ ಸುರಿದಿತ್ತು. ಅಮ್ಮನನ್ನು ಶಿವಮೊಗ್ಗಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಬ್ಯಾಟರಿ ಅಂಗಡಿಯವರು ಬಂದು ನೋಡಿ, “ಮೂರು ವರ್ಷ ಆಯ್ತಲ್ಲ, ಹೋಗಿದೆ” ಎಂದರು. ಹೊಸದು ಹಾಕಿಸಿದೆ. ಗಾಡಿ ಸ್ಟಾರ್ಟ್ ಆಯಿತು. ಐದನೇ ದಿನ ಮತ್ತೆ ಅದೇ ಗೋಳು.

ಆಮೇಲೆ ಬಂದ ಎಲೆಕ್ಟ್ರಿಷಿಯನ್ ಬ್ಯಾಟರಿಯನ್ನು ಮುಟ್ಟಲೇ ಇಲ್ಲ. ಅದರ ಕೆಳಗೆ ಗೇರ್‌ಬಾಕ್ಸ್ ಕಡೆಗೆ ಕೈ ಇಳಿಸಿ, ಕಪ್ಪು ವೈರಿನ ಬೋಲ್ಟನ್ನು ಬೆರಳಿನಲ್ಲೇ ತಿರುಗಿಸಿ ತೋರಿಸಿದರು. “ಬ್ಯಾಟರಿ ಸತ್ತದ್ದಲ್ಲ ಮಾರಾಯ್ರೆ, ಅರ್ತ್ ಸಡಿಲ.” ಅರ್ತ್ ಎಂದರೆ ಕರೆಂಟ್ ಬ್ಯಾಟರಿಯ ಮೈನಸ್‌ಗೆ ವಾಪಸ್ ಬರುವ ಜೋಡಣೆ. ಎರಡು ತಿಂಗಳ ಹಿಂದೆ ಕ್ಲಚ್ ಪ್ಲೇಟ್ ಬದಲಿಸಿದಾಗ ಆ ಬೋಲ್ಟ್ ಬಿಚ್ಚಿದ್ದರು, ಮತ್ತೆ ಪೂರ್ತಿ ಬಿಗಿ ಮಾಡಿರಲಿಲ್ಲ. ಹೊಸ ಬ್ಯಾಟರಿ ಕೂರಿಸುವಾಗ ವೈರು ಅಲುಗಾಡಿ, ನಾಲ್ಕು ದಿನ ಸರಿಯಾಗಿ ತಾಗಿಕೊಂಡಿತ್ತು ಅಷ್ಟೇ.

ನಾಲ್ಕೈದು ಸಾವಿರ ರೂಪಾಯಿ ಹೋಯಿತು. ಅದಕ್ಕಿಂತ ಅಮ್ಮನನ್ನು ಕಾಯಿಸಿದ್ದು ಜಾಸ್ತಿ ಬೇಸರ. ನಿಮಗೆ ಹಾಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು, ಕರೆಂಟ್ ಎಲ್ಲಿಂದ ವಾಪಸ್ ಬರುತ್ತದೆ?

ಕೆಂಪು ವೈರಿನಲ್ಲಿ ಹೋದ ಕರೆಂಟ್ ಬ್ಯಾಟರಿಗೆ ವಾಪಸ್ ಬರಲೇಬೇಕು. ಹಾಗೆ ಬರಲು ಕಾರಿನಲ್ಲಿ ಎಲ್ಲ ಕಡೆಗೂ ಬೇರೆ ವೈರು ಎಳೆದಿರುವುದಿಲ್ಲ. ಕಬ್ಬಿಣದ ಬಾಡಿ, ಎಂಜಿನ್ನೇ ವಾಪಸ್ ದಾರಿ. ಆದರೆ ಎಂಜಿನ್ ರಬ್ಬರ್ ಮೌಂಟುಗಳ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಬ್ಯಾಟರಿಯ ಮೈನಸ್‌ನಿಂದ ಎಂಜಿನ್ ಅಥವಾ ಗೇರ್‌ಬಾಕ್ಸ್‌ಗೆ ಒಂದು ದಪ್ಪ ವೈರು, ಬಾಡಿಗೆ ಇನ್ನೊಂದು ವೈರು ಇರುತ್ತದೆ. ಕೆಲವು ಗಾಡಿಗಳಲ್ಲಿ ಎಂಜಿನ್‌ಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಸೆಲ್ಫ್ ಮೋಟಾರಿಗೆ ಬೇಕಾದ ಕರೆಂಟ್ ಪೂರ್ತಿ ಈ ಎಂಜಿನ್ ಅರ್ತ್ ಮೂಲಕವೇ ವಾಪಸ್ ಬರಬೇಕು. ಸಣ್ಣ ಪೆಟ್ರೋಲ್ ಕಾರಿನಲ್ಲೂ ಅದು 100ರಿಂದ 150 ಆಂಪಿಯರ್‌ವರೆಗೆ ಹೋಗುತ್ತದೆ. ಡೀಸೆಲ್ ಆದರೆ ಇನ್ನೂ ಜಾಸ್ತಿ.

ಮುಟ್ಟುವ ಮೊದಲು

ಉಂಗುರ, ಬಳೆ, ಕಡಗ, ವಾಚ್ ತೆಗೆದಿಡಿ. ಕುತ್ತಿಗೆಯ ಸರ ಜೋತು ಬೀಳದಂತೆ ನೋಡಿಕೊಳ್ಳಿ. ಸ್ಪ್ಯಾನರ್‌ಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿದರೆ ಅದು ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಬೆರಳು ಸುಡುತ್ತದೆ. ದುಪಟ್ಟಾ, ಪಂಚೆಯ ತುದಿ ಬೆಲ್ಟಿನ ಹತ್ತಿರ ಬರಬಾರದು. ಬೀಡಿ, ಸಿಗರೇಟು, ಬೆಂಕಿಕಡ್ಡಿ ದೂರ ಇರಲಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಹೊರಬರುತ್ತದೆ, ಒಂದು ಕಿಡಿಗೆ ಅದು ಸಿಡಿಯಬಹುದು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಆಸಿಡ್ ಮೈಗೆ ತಾಗಿದರೆ ಧಾರಾಳ ನೀರಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಬಿಡದೆ ನೀರು ಹಾಕಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇದು ಸುಮ್ನೆ ಪದ್ಧತಿ ಅಲ್ಲ. ಮೈನಸ್ ಹಾಕಿದ್ದಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್. ಮೈನಸ್ ಬಿಚ್ಚಿದ್ದರೆ ಸರ್ಕ್ಯೂಟೇ ಪೂರ್ತಿ ಆಗುವುದಿಲ್ಲ, ಸ್ಪ್ಯಾನರ್ ತಾಗಿದರೂ ಏನೂ ಆಗುವುದಿಲ್ಲ.

ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಗಾಡಿಯಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಅದರ ಹತ್ತಿರ ಕೈ ಹಾಕಲೇಬೇಡಿ. ಅದು ನೂರಾರು ವೋಲ್ಟಿನದು.

ಲಕ್ಷಣ: ಕೀ ತಿರುಗಿಸಿದರೆ ‘ಕಟ ಕಟ ಕಟ’, ಅಥವಾ ಒಂದೇ ‘ಟಕ್’

ಇದಕ್ಕೆ ಏನೂ ಬಿಚ್ಚುವುದು ಬೇಡ, ದುಡ್ಡೂ ಬೇಡ. ಕತ್ತಲಲ್ಲಿ, ಗೋಡೆಯ ಎದುರು ಗಾಡಿ ನಿಲ್ಲಿಸಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ಹೆಡ್‌ಲೈಟ್ ಹಚ್ಚಿ, ಸೆಲ್ಫ್ ಹೊಡೆಯಿರಿ. ಗೋಡೆಯ ಮೇಲಿನ ಬೆಳಕನ್ನು ಮಾತ್ರ ನೋಡಿ.

ಬೆಳಕು ನಿಧಾನಕ್ಕೆ ಕುಗ್ಗಿ ಹಳದಿಯಾದರೆ, ಸೆಲ್ಫ್ ‘ಕಟ ಕಟ’ ಎಂದರೆ, ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ ಅಥವಾ ಎಲ್ಲೋ ಜೋಡಣೆ ಕೆಟ್ಟಿದೆ. ಎರಡರಲ್ಲಿ ಯಾವುದೆಂದು ಮುಂದೆ ಅಳೆದು ತಿಳಿಯಬೇಕು.

ಬೆಳಕು ತಟ್ಟನೆ ಪೂರ್ತಿ ಆರಿಹೋಗಿ, ಸ್ವಲ್ಪ ಹೊತ್ತಾದ ಮೇಲೆ ತಾನೇ ಬಂದರೆ ಟರ್ಮಿನಲ್ ಮೇಲೆ ಮೊದಲ ಅನುಮಾನ ಇಡಿ. ಸಣ್ಣ ಕರೆಂಟಿಗೆ ಸಾಕಾಗುವಷ್ಟು ತಾಗಿರುತ್ತದೆ, ದೊಡ್ಡ ಕರೆಂಟ್ ಕೇಳಿದ ತಕ್ಷಣ ಕೈ ಬಿಡುತ್ತದೆ.

ಬೆಳಕು ಒಂಚೂರೂ ಕುಗ್ಗದೆ, ಸೆಲ್ಫ್ ಸದ್ದೇ ಇಲ್ಲದಿದ್ದರೆ ಸೆಲ್ಫ್ ಮೋಟಾರಿಗೆ ಕರೆಂಟ್ ಹೋಗುತ್ತಲೇ ಇಲ್ಲ. ಕ್ಲಚ್ ಸ್ವಿಚ್, ರಿಲೇ, ಇಗ್ನಿಷನ್ ಸ್ವಿಚ್ ಕಡೆ ನೋಡಬೇಕು. ಬೆಳಕು ಹಾಗೇ ಇದ್ದು ಒಂದೇ ‘ಟಕ್’ ಬಂದರೆ ಸೆಲ್ಫಿನ ಸೊಲೆನಾಯ್ಡ್ (ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಮೇಲೂ ಅನುಮಾನ ಇರಲಿ. ಆದರೆ ಎಂಜಿನ್ ಅರ್ತ್ ಪೂರ್ತಿ ಕೈಕೊಟ್ಟು, ಬಾಡಿ ಅರ್ತ್ ಚೆನ್ನಾಗಿದ್ದಾಗಲೂ ಹೀಗೇ ಕಾಣುತ್ತದೆ. ಸೆಲ್ಫ್ ಮೋಟಾರ್ ಬಿಚ್ಚಿಸುವ ಮೊದಲು ಇದನ್ನು ನೆನಪಿಡಿ.

ಈಗ ಎಂಜಿನ್ ಆಫ್ ಮಾಡಿ, ಎರಡೂ ಟರ್ಮಿನಲ್‌ಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ತಿರುಚಿ ನೋಡಿ. ಬ್ಯಾಟರಿಯ ಕಂಬವನ್ನು ಕಚ್ಚಿರುವ ಕ್ಲಾಂಪ್ ಕೂದಲೆಳೆಯಷ್ಟು ಅಲುಗಿದರೂ ಅದು ಸಡಿಲವೇ. ಹೆಚ್ಚಿನ ಗಾಡಿಗಳಲ್ಲಿ 10ರ ಸ್ಪ್ಯಾನರ್ ಸಾಕು. ಟರ್ಮಿನಲ್ ಕಂಬ ಸೀಸದ್ದು, ಮೆತ್ತಗಿರುತ್ತದೆ. ಸುತ್ತಿಗೆಯಲ್ಲಿ ಹೊಡೆದು ಕೂರಿಸಬೇಡಿ, ಒಳಗಿನ ಬೆಸುಗೆ ಬಿಟ್ಟರೆ ಬ್ಯಾಟರಿಯೇ ಹೋಗುತ್ತದೆ.

ಬೋಲ್ಟ್ ಪೂರ್ತಿ ಬಿಗಿಯಾದರೂ ಕ್ಲಾಂಪ್ ತಿರುಗುತ್ತಿದೆಯಾ? ಹಾಗಾದರೆ ತೆಳ್ಳನೆ ಕಂಬದ ಬ್ಯಾಟರಿಗೆ ದಪ್ಪ ಕಂಬದ ಕ್ಲಾಂಪ್ ಹಾಕಿರಬಹುದು. ನಮ್ಮಲ್ಲಿ ಎಷ್ಟೋ ಸಣ್ಣ ಕಾರುಗಳಿಗೆ ತೆಳ್ಳನೆ ಕಂಬದ ಬ್ಯಾಟರಿ ಬರುತ್ತದೆ. ಪ್ಲಸ್ ಕಂಬ ಮೈನಸ್‌ಗಿಂತ ಸ್ವಲ್ಪ ದಪ್ಪ ಎಂಬುದೂ ನೆನಪಿರಲಿ. ಸಂದಿಯಲ್ಲಿ ಮೊಳೆ, ಸ್ಕ್ರೂ, ತಗಡಿನ ಚೂರು ತುರುಕಿರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅದು ಒಂದೆರಡು ಗೆರೆಯಲ್ಲಿ ಮಾತ್ರ ತಾಗುತ್ತದೆ, ಬಿಸಿಯಾಗುತ್ತದೆ. ಸೀಸದ ಬುಷ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಹಾಕಿ. ಅಥವಾ ಸರಿಯಾದ ಅಳತೆಯ ಕ್ಲಾಂಪ್ ಹಾಕಿಸಿ.

ಲಕ್ಷಣ: ಟರ್ಮಿನಲ್ ಮೇಲೆ ಬಿಳಿ ಅಥವಾ ನೀಲಿ-ಹಸಿರು ಪುಡಿ

ಬಿಳಿ ಪುಡಿ ಸಾಮಾನ್ಯವಾಗಿ ಸೀಸದ್ದು, ನೀಲಿ-ಹಸಿರು ತಾಮ್ರದ್ದು. ಆಸಿಡ್ ಆವಿ ಲೋಹವನ್ನು ತಿಂದ ಗುರುತು ಇದು. ಹಸಿರು ಕಂಡರೆ ಆವಿ ವೈರಿನ ತನಕ ಹೋಗಿದೆ ಎಂದೇ ತಿಳಿಯಿರಿ. ಉಡುಪಿ, ಕುಂದಾಪುರ, ಕಾರವಾರದ ಕಡೆ ಉಪ್ಪಿನ ಗಾಳಿಗೆ, ನಮ್ಮ ಮಲೆನಾಡಿನಲ್ಲಿ ತಿಂಗಳುಗಟ್ಟಲೆ ಆರದ ತೇವಕ್ಕೆ ಇದು ಬೇಗ ಬೆಳೆಯುತ್ತದೆ.

ಎರಡೂ ಕ್ಲಾಂಪ್ ಬಿಚ್ಚಿ. ಒಂದು ಲೋಟ ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕದಡಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ನೊರೆ ಬರುತ್ತದೆ, ನೊರೆ ನಿಲ್ಲುವ ತನಕ ಉಜ್ಜಬೇಕು. ಸೋಡಾ ನೀರು ಬ್ಯಾಟರಿಯ ಮುಚ್ಚಳದೊಳಗೆ, ಗಾಳಿ ತೂತಿನೊಳಗೆ ಇಳಿಯಬಾರದು. ಒಳಗಿನ ಆಸಿಡ್ ಕೆಡುತ್ತದೆ. ಸಾದಾ ನೀರಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಆಮೇಲೆ ಕಂಬದ ಹೊರಮೈ, ಕ್ಲಾಂಪಿನ ಒಳಮೈ ಎರಡನ್ನೂ ಎಮರಿ ಪೇಪರ್‌ನಿಂದ ತಿಕ್ಕಿ. ಕ್ಲಾಂಪ್ ಹೊರಗಿನಿಂದ ಪಳಪಳ ಹೊಳೆಯುತ್ತಿದ್ದರೂ ಒಳಗೆ ಕಪ್ಪು ಪದರ ಕೂತಿರಬಹುದು. ಕರೆಂಟ್ ದಾಟುವುದು ಅಲ್ಲೇ ಅಲ್ವಾ? ಬೂದು ಬಣ್ಣದ ಹೊಸ ಸೀಸ ಕಾಣಬೇಕು.

ಜೋಡಿಸಿ, ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿ. ತೇವ, ಆವಿ ಒಳಗೆ ಹೋಗದಂತೆ ಅದು ತಡೆಯುತ್ತದೆ.

ಒಂದೆರಡು ತಿಂಗಳಲ್ಲೇ ಪುಡಿ ಮತ್ತೆ ಬೆಳೆದರೆ ಬರೀ ತೊಳೆಯುತ್ತಾ ಕೂರಬೇಡಿ. ಕಂಬದ ಬುಡದಲ್ಲಿ ಆಸಿಡ್ ಒಸರುತ್ತಿರಬಹುದು. ಡಿಸ್ಟಿಲ್ಡ್ ವಾಟರ್ ಗೆರೆ ಮೀರಿ ತುಂಬಿರಬಹುದು. ಅಥವಾ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಜಾಸ್ತಿ ಚಾರ್ಜ್ ಮಾಡುತ್ತಿರಬಹುದು.

ಲಕ್ಷಣ: ಟರ್ಮಿನಲ್ ಚೊಕ್ಕ, ಬ್ಯಾಟರಿ ಚೆನ್ನಾಗಿದೆ, ಆದರೂ ಸೆಲ್ಫ್ ಭಾರ

ನಾನು ದುಡ್ಡು ಕಳೆದುಕೊಂಡದ್ದು ಇಲ್ಲೇ. ಅದಕ್ಕೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕು. ಐನೂರು ರೂಪಾಯಿ ಒಳಗಿನದೇ ಸಾಕು. ಕೆಂಪು ವೈರು ವೋಲ್ಟ್ ತೂತಿನಲ್ಲಿದೆ ಎಂದು ಎರಡು ಸಲ ನೋಡಿ. ಅದು ಆಂಪಿಯರ್ ತೂತಿನಲ್ಲಿದ್ದು ಬ್ಯಾಟರಿಗೆ ಮುಟ್ಟಿಸಿದರೆ ಮೀಟರ್ ಮೂಲಕವೇ ಶಾರ್ಟ್ ಆಗುತ್ತದೆ. ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ.

ಗಾಡಿ ರಾತ್ರಿಯಿಡೀ ನಿಂತಿದ್ದ ಮೇಲೆ ಬ್ಯಾಟರಿ ಅಳೆಯಿರಿ. 12.6 ಅಥವಾ ಅದಕ್ಕಿಂತ ಮೇಲಿದ್ದರೆ ಪೂರ್ತಿ ಚಾರ್ಜ್ ಇದೆ. 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಉಳಿದದ್ದು ಆಮೇಲೆ.

ಇಲ್ಲಿಗೇ ನಿಲ್ಲಿಸಬೇಡಿ. ನಲ್ಲಿ ಮುಚ್ಚಿದ್ದಾಗ ಕಸ ಕಟ್ಟಿದ ಪೈಪಿನಲ್ಲೂ ಒತ್ತಡ ಪೂರ್ತಿ ಇರುತ್ತದೆ. ನಲ್ಲಿ ತಿರುಗಿಸಿದರೆ ಸಣ್ಣಗೆ ನೀರು ಬರುತ್ತದೆ. ವೈರಿನ ಜೋಡಣೆಯೂ ಹಾಗೇ, ಕರೆಂಟ್ ಹರಿಯುವಾಗ ಅಳೆದರೆ ಮಾತ್ರ ನಿಜ ತಿಳಿಯುತ್ತದೆ. ಮೀಟರನ್ನು ಓಮ್ಸ್‌ಗೆ ಇಟ್ಟು ಅರ್ತ್ ವೈರು ಪರೀಕ್ಷಿಸುವುದರಿಂದ ಉಪಯೋಗ ಇಲ್ಲ. ನೂರಾರು ಎಳೆಗಳಲ್ಲಿ ಹತ್ತು ಎಳೆ ಉಳಿದಿದ್ದರೂ ಅದು ‘ಸರಿ ಇದೆ’ ಎಂದು ಬೀಪ್ ಮಾಡುತ್ತದೆ.

ಒಬ್ಬರು ಸೆಲ್ಫ್ ಹೊಡೆಯಲು ಒಳಗೆ ಕೂರಲಿ. ಒಂದು ಸಲಕ್ಕೆ ಐದು ಸೆಕೆಂಡ್ ಮೀರಬಾರದು, ನಡುವೆ ಅರ್ಧ ನಿಮಿಷವಾದರೂ ಬಿಡಿ. ಗಾಡಿ ಯಾವ ಕ್ಷಣದಲ್ಲಾದರೂ ಸ್ಟಾರ್ಟ್ ಆಗಬಹುದು, ಆದ್ದರಿಂದ ಫ್ಯಾನ್, ಬೆಲ್ಟ್ ಹತ್ತಿರ ಕೈ ಬೇಡ.

ಮೊದಲು ಬ್ಯಾಟರಿಯ ಎರಡು ಕಂಬಗಳ ನಡುವೆ ಅಳೆಯಿರಿ. ಕ್ಲಾಂಪಿನ ಮೇಲಲ್ಲ, ಸೀಸದ ಕಂಬದ ನಡು ಭಾಗದಲ್ಲೇ ಮೀಟರ್ ವೈರಿನ ತುದಿಯ ಮುಳ್ಳು ಒತ್ತಿ ಹಿಡಿಯಿರಿ. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯೇ ಸೋತಿದೆ. 10.5, 11 ಎಂದು ನಿಂತಿದ್ದು, ಸೆಲ್ಫ್ ಮಾತ್ರ ನರಳುತ್ತಿದ್ದರೆ ಬ್ಯಾಟರಿ ಕೊಡುತ್ತಿದೆ, ದಾರಿಯಲ್ಲಿ ಎಲ್ಲೋ ತಡೆ ಇದೆ.

ಈಗ ಮುಖ್ಯವಾದ ಅಳತೆ. ಕಪ್ಪು ಮುಳ್ಳು ಮೈನಸ್ ಕಂಬಕ್ಕೆ, ಕೆಂಪು ಮುಳ್ಳು ಎಂಜಿನ್ನಿನ ಬಣ್ಣವಿಲ್ಲದ, ಚೊಕ್ಕ ಲೋಹಕ್ಕೆ. ಸೆಲ್ಫ್ ಹೊಡೆಸಿ. ಜೋಡಣೆ ಸರಿ ಇದ್ದರೆ 0.2 ವೋಲ್ಟಿನ ಆಸುಪಾಸು ಅಥವಾ ಅದಕ್ಕಿಂತ ಕಮ್ಮಿ ಬರುತ್ತದೆ. 0.5 ದಾಟಿದರೆ ಅರ್ತ್ ಕೆಟ್ಟಿದೆ. ನನ್ನ ಗಾಡಿಯಲ್ಲಿ ಅವತ್ತು 1.4 ಬಂದಿತ್ತು. ಬೋಲ್ಟ್ ಬಿಚ್ಚಿ, ತಿಕ್ಕಿ, ಬಿಗಿ ಮಾಡಿದ ಮೇಲೆ 0.12.

ಇದರ ಅರ್ಥ ಏನು? ಒಂದು ಓಮಿನ ನೂರನೇ ಒಂದು ಭಾಗ ತಡೆ ಇದ್ದರೆ, 150 ಆಂಪಿಯರ್ ಹರಿಯುವಾಗ ಅಲ್ಲಿ 1.5 ವೋಲ್ಟ್ ಕಳೆದುಹೋಗುತ್ತದೆ. ಅಷ್ಟೇ ಅಲ್ಲ, ಆ ಒಂದು ಜಾಗದಲ್ಲಿ 225 ವ್ಯಾಟ್ ಶಾಖ ಹುಟ್ಟುತ್ತದೆ. ಹಳೆಯ 100 ವ್ಯಾಟಿನ ಎರಡು ಬಲ್ಬುಗಳಿಗಿಂತ ಜಾಸ್ತಿ.

ಎಲ್ಲಿ ಕಳೆದುಹೋಗುತ್ತಿದೆ ಎಂದು ಹುಡುಕುವುದೂ ಸುಲಭ. ಕಪ್ಪು ಮುಳ್ಳನ್ನು ಕಂಬದ ಮೇಲೇ ಇಟ್ಟು, ಕೆಂಪು ಮುಳ್ಳನ್ನು ಒಂದೊಂದು ಹೆಜ್ಜೆ ಮುಂದೆ ಸರಿಸುತ್ತಾ ಹೋಗಿ. ಕಂಬದಿಂದ ಕ್ಲಾಂಪಿಗೆ, ಅಲ್ಲಿಂದ ವೈರಿನ ಕೊನೆಯ ಬಳೆಯಂಥ ಲಗ್‌ಗೆ, ಆಮೇಲೆ ಬೋಲ್ಟಿನ ತಲೆಗೆ, ಕೊನೆಗೆ ಗೇರ್‌ಬಾಕ್ಸ್‌ಗೆ. ಸಂಖ್ಯೆ ಯಾವ ಹೆಜ್ಜೆಯಲ್ಲಿ ಹಾರುತ್ತದೋ ರೋಗ ಅಲ್ಲೇ ಇದೆ. ಒಂದೊಂದು ಜೋಡಣೆಯಲ್ಲಿ 0.1ಕ್ಕಿಂತ ಕಮ್ಮಿ ಇರಬೇಕು.

ಮೀಟರ್ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಜಂಪರ್ ಕೇಬಲಿನ ಕಪ್ಪು ವೈರನ್ನು ಒಂದು ಕಡೆ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಕಡೆ ಎಂಜಿನ್ನಿನ ಗಟ್ಟಿ ಲೋಹಕ್ಕೆ ಕಚ್ಚಿಸಿ. ಅದು ತಪ್ಪಿಯೂ ಪ್ಲಸ್‌ಗೆ ತಾಗಬಾರದು, ಮೊದಲು ಕಣ್ಣಾರೆ ನೋಡಿಕೊಂಡೇ ಕಚ್ಚಿಸಿ. ಅಷ್ಟಕ್ಕೇ ಗಾಡಿ ತಟ್ಟನೆ ಸ್ಟಾರ್ಟ್ ಆದರೆ ಎಂಜಿನ್ ಅರ್ತ್ ದಾರಿಯಲ್ಲೇ ದೋಷ ಇದೆ, ಬೇರೆ ಸಾಕ್ಷಿ ಬೇಡ.

ಬೋಲ್ಟ್ ಬಿಚ್ಚಿದಾಗ ಲಗ್‌ನ ಕೆಳಭಾಗ, ಅದು ಕೂರುವ ಜಾಗ ಎರಡನ್ನೂ ತಿಕ್ಕಿ. ಬಾಡಿಯಲ್ಲಿ ಪೇಂಟ್ ಮಾಡಿಸಿದ್ದರೆ ಅರ್ತ್ ಬೋಲ್ಟಿನ ಕೆಳಗೂ ಬಣ್ಣ ಇಳಿದಿರಬಹುದು. ಕಬ್ಬಿಣ ಕಾಣುವ ತನಕ ಕೆರೆಯಬೇಕು. ಹಲ್ಲಿನ ವಾಷರ್ ಇದ್ದರೆ ಕಳೆಯಬೇಡಿ, ಅದು ಲೋಹಕ್ಕೆ ಕಚ್ಚಿಕೊಳ್ಳಲೆಂದೇ ಇರುವುದು.

ವೈರನ್ನೂ ಬಗ್ಗಿಸಿ ನೋಡಿ. ಲಗ್ ಹತ್ತಿರ ಪ್ಲಾಸ್ಟಿಕ್ ಉಬ್ಬಿದೆಯಾ? ಬಗ್ಗಿಸಿದರೆ ಮರಳು ತುಂಬಿದ ಚೀಲದ ಹಾಗೆ ಕರಕರ ಎನ್ನುತ್ತದೆಯಾ? ನಾನು ಒಂದು ಅಂಥ ವೈರನ್ನು ಸೀಳಿ ನೋಡಿದ್ದೇನೆ. ಹೊರಗೆ ಕಪ್ಪು ಹೊದಿಕೆ ಹೊಸದರಂತಿತ್ತು. ಒಳಗೆ ಒಂದು ಗೇಣು ಉದ್ದ ತಾಮ್ರ ಹಸಿರು ಪುಡಿಯಾಗಿ, ಉಗುರು ತಾಗಿಸಿದರೆ ಉದುರುತ್ತಿತ್ತು. ಅಂಥದ್ದನ್ನು ಬದಲಿಸಲೇಬೇಕು. ಹೊಸ ವೈರು ಹಳೆಯದಕ್ಕಿಂತ ತೆಳ್ಳಗಿರಬಾರದು. ಲಗ್ ಅನ್ನು ಸರಿಯಾದ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿಸಿ. ಮನೆ ವೈರಿಂಗಿನ ವೈರು ಇಲ್ಲಿ ಸಲ್ಲ.

ಮೈನಸ್ ಕಡೆ ಎಲ್ಲ ಸರಿ ಇದ್ದರೆ ಪ್ಲಸ್ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿನವರೆಗೆ ಇದೇ ಅಳತೆ ಮಾಡಬೇಕು. 0.5ರ ಒಳಗೆ ಇರಬೇಕು. ಅದು ಕೈಗೆ ಸಿಗದ ಜಾಗದಲ್ಲಿರುತ್ತದೆ, ಅಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಅಭ್ಯಾಸ ಇಲ್ಲದವರು ಎಲೆಕ್ಟ್ರಿಷಿಯನ್‌ಗೆ ಬಿಡುವುದೇ ಒಳ್ಳೆಯದು.

ಲಕ್ಷಣ: ಟರ್ಮಿನಲ್ ಬಿಸಿ, ಅಥವಾ ಕ್ಲಚ್ ಕೇಬಲ್ ಬಿಸಿ

ಸೆಲ್ಫ್ ಹೊಡೆದ ಮೇಲೆ ಕೈ ಹತ್ತಿರ ತಂದು ನೋಡಿ, ಮುಟ್ಟುವುದು ಆಮೇಲೆ. ಒಂದು ಟರ್ಮಿನಲ್ ಮಾತ್ರ ಬಿಸಿಯಿದ್ದರೆ ಅದೇ ಕೆಟ್ಟ ಜೋಡಣೆ.

ಹಳೆಯ ಗಾಡಿಗಳಲ್ಲಿ ಕ್ಲಚ್ ಅಥವಾ ಆಕ್ಸಿಲರೇಟರ್ ಕೇಬಲ್ ಬಿಸಿಯಾಗುವುದು, ಹೊಗೆ ಬರುವುದು ಉಂಟು. ಎಂಜಿನ್ ಅರ್ತ್ ಇಲ್ಲದಾಗ ಕರೆಂಟ್ ಸಿಕ್ಕ ದಾರಿಯಲ್ಲಿ ವಾಪಸ್ ಬರುತ್ತದೆ, ಎಂಜಿನ್ನಿನಿಂದ ಬಾಡಿಗೆ ಹೋಗುವ ಈ ತೆಳ್ಳನೆ ಉಕ್ಕಿನ ಕೇಬಲಿನಲ್ಲೂ. ಕೇಬಲ್ ಬದಲಿಸಿದರೆ ಹೊಸದೂ ಸುಡುತ್ತದೆ. ಹೊಗೆ ಕಂಡರೆ ಸೆಲ್ಫ್ ಹೊಡೆಯುವುದನ್ನು ಆ ಕ್ಷಣವೇ ನಿಲ್ಲಿಸಿ.

ಲಕ್ಷಣ: ಬ್ರೇಕ್ ಒತ್ತಿದರೆ ಬೇರೆ ಲೈಟುಗಳು ಮಿಣುಕುತ್ತವೆ

ಇಂಡಿಕೇಟರ್ ಹಾಕಿದರೆ ಹಿಂದಿನ ಲೈಟೂ ಜೊತೆಗೆ ಮಿಣುಕುತ್ತದೆ, ಬ್ರೇಕ್ ಒತ್ತಿದರೆ ಪಾರ್ಕಿಂಗ್ ಲೈಟ್ ಮಂದವಾಗಿ ಹತ್ತುತ್ತದೆ. ಇದು ಬ್ಯಾಟರಿಯ ಅರ್ತ್ ಅಲ್ಲ, ಆ ಹಿಂದಿನ ಲೈಟಿನ ಅರ್ತ್. ಇಂಥ ಲೈಟುಗಳಲ್ಲಿ ಹೆಚ್ಚಾಗಿ ಒಂದೇ ಬಲ್ಬಿನೊಳಗೆ ಬೆಳಗುವ ಎರಡು ತಂತಿ (ಫಿಲಮೆಂಟ್) ಇರುತ್ತವೆ. ಅರ್ತ್ ಸಿಗದ ಕರೆಂಟ್ ಇನ್ನೊಂದು ತಂತಿಯ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಲೈಟ್ ಬಿಚ್ಚಿ, ಹೋಲ್ಡರ್ ಹಾಗೂ ಕಪ್ಪು ವೈರಿನ ಸ್ಕ್ರೂ ತಿಕ್ಕಿದರೆ ಸಾಕು.

ಎಲ್ಲ ಲೈಟೂ ಒಟ್ಟಿಗೆ ಮಂಕಾಗಿದ್ದರೆ ಬಾಡಿ ಅರ್ತ್ ನೋಡಿ. ಇದನ್ನು ಸೆಲ್ಫ್ ಹೊಡೆದು ಅಳೆದರೆ ತಿಳಿಯುವುದಿಲ್ಲ. ಎಂಜಿನ್ ಓಡಿಸಿ, ಹೆಡ್‌ಲೈಟ್, ಬ್ಲೋವರ್ ಹಾಕಿ, ಮೈನಸ್ ಕಂಬದಿಂದ ಬಾಡಿಗೆ ಅಳೆಯಿರಿ. 0.1ರ ಒಳಗೆ ಇರಬೇಕು.

ಲಕ್ಷಣ: ಓಡುವಾಗ ಬ್ಯಾಟರಿ ದೀಪ ಹತ್ತುತ್ತದೆ, ರಸ್ತೆಯ ಗುಂಡಿ ಹಾರಿದರೆ ಎಲ್ಲ ಒಮ್ಮೆ ಆರಿ ಬರುತ್ತದೆ

ಗುಂಡಿ ಹಾರಿದಾಗ ಮಾತ್ರ ಆದರೆ ಜೋಡಣೆ ಸಡಿಲ. ಬ್ಯಾಟರಿಯನ್ನು ಹಿಡಿದಿಡುವ ಪಟ್ಟಿಯೂ ಬಿಗಿ ಇದೆಯೇ ನೋಡಿ. ಬ್ಯಾಟರಿ ಕುಣಿದರೆ ಕ್ಲಾಂಪ್ ಸಡಿಲವಾಗದೆ ಇರುವುದಿಲ್ಲ.

ಎಂಜಿನ್ ಓಡುವಾಗ ಬ್ಯಾಟರಿ ಕಂಬಗಳ ನಡುವೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರುತ್ತದೆ. ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಬೇಕೆಂದೇ ಇದನ್ನು ಹೆಚ್ಚು ಕಮ್ಮಿ ಮಾಡುತ್ತದೆ. ಹಳೆಯ ಗಾಡಿಯಲ್ಲಿ 13ರ ಕೆಳಗೇ ನಿಂತಿದ್ದರೆ ಆಲ್ಟರ್ನೇಟರ್ ಅಥವಾ ಅದರ ವೈರು ಪರೀಕ್ಷಿಸಬೇಕು. 15 ದಾಟಿದರೆ ಗಾಡಿ ಓಡಿಸಬೇಡಿ, ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿರಬಹುದು.

ಒಂದು ಮಾತು ಜೋರಾಗಿಯೇ ಹೇಳಬೇಕು. ಆಲ್ಟರ್ನೇಟರ್ ಪರೀಕ್ಷಿಸಲೆಂದು ಎಂಜಿನ್ ಓಡುವಾಗ ಟರ್ಮಿನಲ್ ಕಿತ್ತು ನೋಡುವ ಅಭ್ಯಾಸ ಕೆಲವು ಗ್ಯಾರೇಜುಗಳಲ್ಲಿ ಇನ್ನೂ ಇದೆ. ದಯವಿಟ್ಟು ಹಾಗೆ ಮಾಡಲು ಯಾರನ್ನೂ ಬಿಡಬೇಡಿ. ಆ ಕ್ಷಣದಲ್ಲಿ ವೋಲ್ಟೇಜ್ ವಿಪರೀತ ಏರಿ ಗಾಡಿಯ ಕಂಪ್ಯೂಟರ್ ಸುಟ್ಟುಹೋಗಬಹುದು.

ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆಗೆ 12ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ಅದು ಅರ್ತ್ ದೋಷ ಅಲ್ಲ. ಬ್ಯಾಟರಿ ಹಳೆಯದಾಗಿದೆ, ಅಥವಾ ಡಿಕ್ಕಿ ಲೈಟಿನಂಥ ಯಾವುದೋ ಒಂದು ರಾತ್ರಿಯಿಡೀ ಕರೆಂಟ್ ಎಳೆಯುತ್ತಿದೆ.

ಎಲ್ಲಿ ನಿಲ್ಲಿಸಬೇಕು

ಬ್ಯಾಟರಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಚಾರ್ಜ್ ಮಾಡಬೇಡಿ, ಬೇರೆ ಬ್ಯಾಟರಿಯಿಂದ ಜಂಪ್ ಕೊಡಬೇಡಿ. ಬಾನೆಟ್ ತೆರೆದು ದೂರ ನಿಲ್ಲಿ, ಗಾಳಿ ಆಡಲಿ, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ವೈರಿನ ಹೊದಿಕೆ ಕರಗಿದ್ದರೂ, ಇಲಿ ಕಡಿದಿದ್ದರೂ ಟೇಪ್ ಸುತ್ತಿ ಓಡಿಸುವುದು ಬೇಡ. ಮೈನಸ್ ಕ್ಲಾಂಪಿನ ಮೇಲೆ ಸಣ್ಣ ಪೆಟ್ಟಿಗೆಯಂಥ ಸೆನ್ಸರ್, ಅದಕ್ಕೊಂದು ಸಣ್ಣ ಪ್ಲಗ್ ಕಂಡರೆ ಅದನ್ನು ಎಳೆಯಬೇಡಿ, ತಿರುಚಬೇಡಿ. ಅಂಥ ಗಾಡಿಯ ಕೆಲಸ ಅದರ ಪರಿಚಯ ಇರುವವರೇ ಮಾಡಲಿ. ಜಂಪ್ ಕೊಡುವಾಗ ಕಪ್ಪು ಕೇಬಲಿನ ಕೊನೆಯ ಹಿಡಿಯನ್ನು ಬ್ಯಾಟರಿಗೆ ಹಾಕದೆ, ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ಹಾಕಿ. ಕಿಡಿ ಹಾರಿದರೂ ಬ್ಯಾಟರಿಯ ಗ್ಯಾಸಿನ ಹತ್ತಿರ ಹಾರುವುದಿಲ್ಲ.

ಎಲೆಕ್ಟ್ರಿಷಿಯನ್ ಹತ್ತಿರ ಹೋಗುವಾಗ ನೀವು ಅಳೆದದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. “ಬ್ಯಾಟರಿ ಹೋಗಿದೆ ಅನ್ಸುತ್ತೆ” ಎಂದರೆ ಹುಡುಕಾಟ ಮೊದಲಿನಿಂದ ಶುರುವಾಗುತ್ತದೆ. “ನಿಂತಾಗ 12.6 ಇದೆ, ಸೆಲ್ಫ್ ಹೊಡೆದಾಗ ಕಂಬದಲ್ಲಿ 10.8 ಇದೆ, ಎಂಜಿನ್ ಅರ್ತ್‌ನಲ್ಲಿ 1.4 ಬೀಳ್ತಿದೆ” ಎಂದರೆ ಅವರ ಕೈ ನೇರ ಗೇರ್‌ಬಾಕ್ಸ್ ಮೇಲಿನ ಆ ಬೋಲ್ಟಿಗೇ ಇಳಿಯುತ್ತದೆ.